ಕೆಳಗಿನ ದನಿ

“ನಿಲ್ಲಿಸಿ,” ಎಂದರು ಹಾಡಿನ ಮಿಸ್.

ಇಪ್ಪತ್ತು ಮಕ್ಕಳು ಬಾಯಿ ಮುಚ್ಚಿದರು. ಕಡ್ಡಿಯೊಬ್ಬಳೇ ಇನ್ನೂ ಅರ್ಧ ಸಾಲು ಹಾಡಿ ನಿಲ್ಲಿಸಿದಳು. ಕಿವಿಗೆ ಬೆರಳು ಇಟ್ಟುಕೊಂಡಿದ್ದರಿಂದ ಅವಳಿಗೆ ಮಿಸ್ ಹೇಳಿದ್ದು ಕೇಳಿಸಿರಲಿಲ್ಲ.

ಮಕ್ಕಳು ಕಿಸಕ್ಕನೆ ನಕ್ಕರು. ಕಡ್ಡಿ ಎಂಬುದು ಅವಳ ನಿಜವಾದ ಹೆಸರಲ್ಲ. ತೆಳ್ಳಗಿದ್ದಾಳೆಂದು ಒಂದನೇ ಕ್ಲಾಸಿನಲ್ಲಿ ಯಾರೋ ಇಟ್ಟದ್ದು, ಐದನೇ ಕ್ಲಾಸಿಗೂ ಅಂಟಿಕೊಂಡು ಬಂದಿತ್ತು.

“ಕಿವಿ ಯಾಕೆ ಮುಚ್ಕೊಂಡಿದ್ದೀಯ?” ಮಿಸ್ ಕೇಳಿದರು.

“ಅವರ ಹಾಡು ಕೇಳಿದ್ರೆ ನನ್ನದು ತಪ್ಪಿಹೋಗುತ್ತೆ, ಮಿಸ್.”

ಶಾಲೆಯ ವಾರ್ಷಿಕೋತ್ಸವದ ಹಾಡಿನಲ್ಲಿ ಎರಡು ಗುಂಪುಗಳಿದ್ದವು. ಮಾತು ಒಂದೇ, ರಾಗ ಬೇರೆ. ಒಂದು ಗುಂಪು ಮೇಲಿನ ದನಿಯಲ್ಲಿ ಹಾಡಿದರೆ, ಇನ್ನೊಂದು ಅದೇ ಹೊತ್ತಿಗೆ ಕೆಳಗಿನ ದನಿಯಲ್ಲಿ ಹಾಡಬೇಕು. ಕಡ್ಡಿ ಕೆಳಗಿನ ಗುಂಪಿನವಳು. ಆದರೆ ಎರಡನೇ ಸಾಲು ಬರುವಷ್ಟರಲ್ಲಿ ಅವಳ ದನಿ ಜಾರಿ ಮೇಲಿನ ಗುಂಪಿನ ಜೊತೆ ಸೇರಿಬಿಡುತ್ತಿತ್ತು.

“ಇವತ್ತು ಶುಕ್ರವಾರ. ಸೋಮವಾರ ಇನ್ನೊಂದ್ಸಲ ನೋಡೋಣ,” ಎಂದರು ಮಿಸ್. “ಆಗ್ಲಿಲ್ಲ ಅಂದ್ರೆ ಸ್ವಾಗತದ ಮಾತು ಹೇಳುವಂತೆ. ಅದೂ ಒಳ್ಳೆ ಕೆಲಸವೇ.”

ಮಿಸ್ ಬೈಯಲಿಲ್ಲ. ಅದಕ್ಕೇ ಕಡ್ಡಿಗೆ ಇನ್ನಷ್ಟು ಅಳು ಬಂತು.

ಶನಿವಾರ ಮಧ್ಯಾಹ್ನ ಅಮ್ಮ ಕೆಲಸಕ್ಕೆ ಹೋಗಿದ್ದರಿಂದ ಕಡ್ಡಿ ಅತ್ತೆಯ ಜೊತೆ ಹೊರಟಳು. ಅಪ್ಪನ ಅಕ್ಕ ಆಕೆ. ಹೊಲಿಗೆ ಮಷೀನ್ ರಿಪೇರಿ ಅವಳ ಕೆಲಸ. ಬ್ಯಾಗಿನಲ್ಲಿ ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ, ಸೂಜಿ ಪ್ಯಾಕೆಟ್, ಒಂದು ಹಳೇ ಟೂತ್‌ಬ್ರಷ್. ಮಷೀನಿನ ಸಂದಿಯ ಧೂಳು ತೆಗೆಯಲು ಆ ಬ್ರಷ್‌ನಂಥದ್ದು ಬೇರೆ ಇಲ್ಲ ಎನ್ನುತ್ತಿದ್ದಳು.

ಅವರು ಹೋದದ್ದು ಶಾಲೆಯ ಯೂನಿಫಾರ್ಮ್ ಹೊಲಿಯುವ ಒಂದು ದೊಡ್ಡ ಕೋಣೆಗೆ. ಹನ್ನೆರಡು ಮಷೀನುಗಳು ಒಟ್ಟಿಗೆ ಓಡುತ್ತಿದ್ದವು. ಒಳಗೆ ಕಾಲಿಟ್ಟರೆ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು.

ಅತ್ತೆ ಬಾಗಿಲಲ್ಲೇ ನಿಂತಳು. ತಲೆ ಸ್ವಲ್ಪ ವಾಲಿಸಿದಳು.

“ಹಿಂದಿನ ಸಾಲಲ್ಲಿ ಒಂದು ಕೆಟ್ಟಿದೆಯಂತೆ,” ಎಂದು ಕೂಗಿ ಹೇಳುತ್ತಾ ಸೂಪರ್‌ವೈಸರ್ ಬಂದ.

“ಅದನ್ನ ನೋಡ್ತೀನಿ. ಮೊದ್ಲು ಎಡಗಡೆ ಮೂರನೇದು ನಿಲ್ಸಿ.”

ಮೂರನೇ ಮಷೀನಿನ ಹೆಂಗಸು ಹುಬ್ಬು ಗಂಟಿಕ್ಕಿದಳು. “ನಂದಕ್ಕೇನಾಗಿದೆ? ಚೆನ್ನಾಗೇ ಓಡ್ತಿದೆ.”

ಅತ್ತೆ ನಗುತ್ತಾ ಆ ಹೆಂಗಸಿನ ಊರಿನ ಭಾಷೆಯಲ್ಲಿ ಏನೋ ಹೇಳಿದಳು. ಹೆಂಗಸಿನ ಹುಬ್ಬು ಸಡಿಲವಾಯಿತು. ಅತ್ತೆ ಸೂಜಿ ಬಿಚ್ಚಿ ಗಾಜಿನ ಮೇಜಿನ ಮೇಲೆ ಉರುಳಿಸಿದಳು. ಸೂಜಿ ಉರುಳುವಾಗ ಅದರ ತುದಿ ಏಳುತ್ತಾ ಬೀಳುತ್ತಾ ಹೋಯಿತು. ಕೂದಲೆಳೆಯಷ್ಟು ಬಾಗಿತ್ತು.

“ಒಳಗೆ ತಾಗ್ತಿತ್ತು. ಸಂಜೆ ಹೊತ್ತಿಗೆ ಮುರಿದು ನಿಮ್ಮ ಕೈಗೇ ಹಾರ್ತಿತ್ತು,” ಎಂದಳು ಅತ್ತೆ.

ಆ ಹೆಂಗಸು ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು.

ಕಡ್ಡಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಳು. ಹಿಂದಿನ ಸಾಲಿನ ಮಷೀನೂ ರಿಪೇರಿಯಾದ ಮೇಲೆ, ದಾರಿಯಲ್ಲಿ ವಾಪಸ್ ಬರುವಾಗ ಕೇಳಿದಳು, “ಅಷ್ಟು ಗಲಾಟೇಲಿ ನಿಂಗೆ ಹೇಗೆ ಗೊತ್ತಾಯ್ತು, ಅತ್ತೆ?”

“ಸರಿಯಾಗಿರೋ ಮಷೀನ್ ಹೇಗೆ ಓಡುತ್ತೆ ಅಂತ ತಲೇಲಿ ಇದೆಯಲ್ಲ. ಅದರ ಪಕ್ಕ ಇಟ್ಟು ನೋಡಿದೆ.”

“ಮತ್ತೆ ಆ ಭಾಷೆ? ಅದನ್ನ ಯಾವ ಕ್ಲಾಸಲ್ಲಿ ಕಲಿತೆ?”

“ಕ್ಲಾಸೇ? ಇಂಥ ಕಡೆ ಅವರ ಜೊತೆ ಕೆಲ್ಸ ಮಾಡ್ತಾ ಮಾಡ್ತಾ ಕಿವೀಲಿ ಉಳ್ಕೊಂಡಿದ್ದು. ಮೊದ್ಲು ಸದ್ದು ಬಂತು, ಆಮೇಲೆ ನಿಧಾನಕ್ಕೆ ಅರ್ಥ ಬಂತು. ನೀನೂ ಹಾಗೇ ತಾನೇ ಮಾತು ಕಲಿತಿದ್ದು?”

“ನಾನಾ?”

“ಹೂಂ. ಒಂದೂ ಪದ ಬರ್ತಿರ್ಲಿಲ್ಲ ನಿಂಗೆ. ಆದ್ರೆ ನಾನು ಬ್ಯಾಗ್ ಎತ್ತಿದ್ರೆ ಸಾಕು, ‘ಆ-ಆ-ಆಅಅ?’ ಅಂತಿದ್ದೆ. ‘ಎಲ್ಲಿಗ್ ಹೋಗ್ತೀಯಾ’ ಅನ್ನೋ ರಾಗ ಅದು. ಪದ ಆಮೇಲೆ ಬಂದು ಕೂತ್ಕೊಂಡ್ವು.”

ಕಡ್ಡಿಗೆ ನಗು ಬಂತು. ನಗುತ್ತಲೇ ಸೋಮವಾರ ನೆನಪಾಯಿತು. ಮನೆ ತಲುಪುವಷ್ಟರಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

ಅತ್ತೆ ಕೈಗಂಟಿದ ಎಣ್ಣೆ ತೊಳೆಯುತ್ತಾ ಕೇಳಿದಳು, “ಕೆಳಗಿನ ರಾಗ ಎಷ್ಟು ಸಲ ಕೇಳಿದ್ದೀಯ?”

“ದಿನಾ ಹಾಡ್ತಾ ಇದ್ದೀನಲ್ಲ.”

“ಹಾಡಿದ್ದು ಬೇರೆ. ಸುಮ್ನೆ ಕೂತು ಕೇಳಿದ್ದು ಎಷ್ಟು ಸಲ?”

ಕಡ್ಡಿ ಯೋಚಿಸಿದಳು. ಒಂದು ಸಲವೂ ಇಲ್ಲ.

ಮಿಸ್ ಕಳಿಸಿದ್ದ ಎರಡೂ ರಾಗಗಳ ರೆಕಾರ್ಡಿಂಗ್ ಅಮ್ಮನ ಫೋನಿನಲ್ಲಿತ್ತು. ಅಮ್ಮ ಬಂದ ಮೇಲೆ ಕೆಳಗಿನ ರಾಗ ಹಾಕಿದರು. ‘ಗಾಳಿ ಬಂತು ಕಿಟಕಿ ತೆರೆ’ ಎಂಬ ಮೊದಲ ಸಾಲು ಮಾತ್ರ. ಅತ್ತೆ ಫೋನ್ ನಿಲ್ಲಿಸಿದಳು.

“ಈಗ ಹಾಡ್ಬೇಡ. ಹತ್ತು ಎಣಿಸೋ ತನಕ ಒಳಗೇ ಕೇಳಿಸ್ಕೋ.”

ನಾಲ್ಕು ಎಣಿಸುವಷ್ಟರಲ್ಲಿ ರಾಗ ಮಾಯವಾಯಿತು. ಇನ್ನೊಮ್ಮೆ ಹಾಕಿದರು. ಆರಕ್ಕೆ ಹೋಯಿತು. ಐದನೇ ಸಲಕ್ಕೆ ಹತ್ತು ದಾಟಿದರೂ ಅದು ಒಳಗೇ ಸುತ್ತುತ್ತಿತ್ತು. ಆಗ ಬಾಯಿ ಮುಚ್ಚಿಕೊಂಡೇ ಗುನುಗಿದಳು. ಉಳಿದ ಸಾಲುಗಳೂ ಹಾಗೇ ಒಳಗೆ ಕೂತವು; ಪದಗಳನ್ನು ಸೇರಿಸಿದ್ದು ಭಾನುವಾರ ಬೆಳಗ್ಗೆ.

“ಈಗ ನಾನು ಮೇಲಿಂದು ಹಾಡ್ತೀನಿ, ನೀನು ನಿಂದು ಬಿಡ್ಬೇಡ,” ಎಂದಳು ಅತ್ತೆ.

ಅತ್ತೆ ಹಾಡಿದ್ದನ್ನು ಕಡ್ಡಿ ಅದುವರೆಗೆ ಕೇಳಿಯೇ ಇರಲಿಲ್ಲ. ದನಿ ತಗಡಿನ ಡಬ್ಬ ಎಳೆದ ಹಾಗಿತ್ತು. ಒಳಗಿನಿಂದ ಅಪ್ಪ, “ಯಾರಪ್ಪಾ ಅದು, ಬಾಗಿಲಿಗೆ ಎಣ್ಣೆ ಬಿಡ್ರೋ,” ಎಂದ. ಆದರೆ ಫೋನಿನಲ್ಲಿ ಎರಡೇ ಸಲ ಕೇಳಿದ್ದ ಆ ಮೇಲಿನ ರಾಗ ಒಂದು ಕಡೆಯೂ ತಪ್ಪಲಿಲ್ಲ.

“ಅತ್ತೆ, ನೀನ್ಯಾಕೆ ಯಾವತ್ತೂ ಹಾಡಲ್ಲ?”

“ದನಿ ಒಡಕು ಕಣೇ. ಕಿವಿ ಒಡಕಲ್ಲವಲ್ಲ, ಅಷ್ಟು ಸಾಕು ನಂಗೆ.”

ಕಡ್ಡಿ ಅವಳನ್ನೇ ನೋಡಿದಳು. ಈ ತಲೆಯೊಳಗೆ ಎಷ್ಟು ಮಷೀನುಗಳು, ಎಷ್ಟು ಭಾಷೆಗಳು, ಯಾರಿಗೂ ಕೇಳಿಸದ ಎಷ್ಟು ಹಾಡುಗಳು ಇರಬಹುದು ಅನ್ನಿಸಿತು.

ಸೋಮವಾರ ಮಿಸ್ ಕೈ ಎತ್ತಿದರು. ಮೊದಲ ಸಾಲು ಸರಿಯಾಗಿ ಹೋಯಿತು. ಎರಡನೆಯ ಸಾಲಿನಲ್ಲಿ ಮೇಲಿನ ಗುಂಪು ಜೋರಾಯಿತು. ಕಡ್ಡಿಯ ದನಿ ಒಂದಿಷ್ಟು ಅತ್ತ ಜಾರಿತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಒಂದು ಕ್ಷಣ ಹಾಡು ನಿಲ್ಲಿಸಿದಳು. ಒಳಗೆ ಕೆಳಗಿನ ರಾಗ ಇತ್ತು, ತನ್ನ ಪಾಡಿಗೆ ನಡೆಯುತ್ತಿತ್ತು. ಅದರ ಜೊತೆ ಸೇರಿಕೊಂಡಳು.

ಮೇಲಿನ ದನಿಯೂ ಈಗ ಚೆನ್ನಾಗಿ ಕೇಳುತ್ತಿತ್ತು. ಎರಡೂ ಸೇರಿದಾಗ ಹಾಡು ಇಷ್ಟು ಚೆಂದ ಇರುತ್ತದೆಂದು ಅವಳಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಮಿಸ್ ಅವಳತ್ತ ನೋಡಿದರು. ನಿಲ್ಲಿಸಲಿಲ್ಲ. ಕೈ ಆಡಿಸುತ್ತಲೇ ಇದ್ದರು.

ಮೂರನೇ ಸಾಲಿನಲ್ಲಿ ಪಕ್ಕದ ಎರಡು ಜಡೆಯ ಹುಡುಗಿ ತಡವರಿಸಿದಳು. ಅವಳ ದನಿ ಮೇಲೆ ಹೋಗಿ, ಕೆಳಗೆ ಬಂದು, ದಾರಿ ಸಿಗದೆ ಸಣ್ಣದಾಯಿತು. ಆಮೇಲೆ ಅವಳು ಮೆಲ್ಲಗೆ ಕಡ್ಡಿಯ ಹತ್ತಿರ ಸರಿದು, ಕಿವಿಯನ್ನು ಅವಳ ಕಡೆ ವಾಲಿಸಿದಳು.

ಅವಳು ಹುಡುಕುತ್ತಿರುವುದು ಏನೆಂದು ಕಡ್ಡಿಗೆ ತಿಳಿಯಿತು. ಅವಳತ್ತ ತಿರುಗಿ ನೋಡಲಿಲ್ಲ. ಸ್ವಲ್ಪ ಬಿಡಿಸಿ, ಸ್ವಲ್ಪ ನಿಚ್ಚಳವಾಗಿ, ಇಬ್ಬರಿಗೂ ಆಗುವಷ್ಟು ಹಾಡಿದಳು.