ಸ್ವಿಚ್ಚಿನ ಮೇಲಿನ ವಿಭೂತಿ

“ಯಾರ್ರಿ ನೀವು? ಅದನ್ನ ಮುಟ್ಟಬ್ಯಾಡ್ರಿ!”

ನೆಹರು ನಗರದ ತನ್ನ ಮನೆಗೆ ಕಾಲಿಟ್ಟ ಸಮೃದ್ಧಿ, ಕಂಪ್ಯೂಟರಿನ ಮುಂದೆ ಕುಳಿತಿದ್ದ ಅಮರನಿಗೆ ಆಡಿದ ಮೊದಲ ಮಾತೇ ಇದು. ಪಾಪ, ಅವನು ಅವಳ ಅಣ್ಣನ ಗೆಳೆಯ. ಅಣ್ಣ ಕರೆದನೆಂದೇ ಖಾನಾಪುರದಿಂದ ಬಂದಿದ್ದ. ಹೊಸ ಅಪ್‌ಡೇಟ್ ಬಂದಾಗಿನಿಂದ ಅವಳ ಕಂಪ್ಯೂಟರ್ ಪ್ರಿಂಟರಿನ ಗುರುತನ್ನೇ ಮರೆತಿತ್ತು. ಮದುವೆ ಬ್ಲೌಸುಗಳಿಗೆ ಕಸೂತಿ ನಕ್ಷೆ ಬಿಡಿಸುವುದು ಅವಳ ಉದ್ಯೋಗ.

ಅಮರ ನಕ್ಕ. ಆ ಅಪ್‌ಡೇಟ್ ತೆಗೆದ, ಪ್ರಿಂಟರ್ ಓಡಿಸಿದ. ಚಹಾ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅಷ್ಟಕ್ಕೇ ಸಕ್ಕರೆ ಹಾಕಿದ್ದೆನೋ ಇಲ್ಲವೋ ಎಂಬುದೇ ಅವಳಿಗೆ ಮರೆತುಹೋಯಿತು!

“ಸರಿ ಇರೋ ಅಪ್‌ಡೇಟ್ ಹಚ್ಚೇನ್ರಿ. ನೆಟ್ ಸಾವಕಾಶ ಐತಿ, ನಾಳೆ ತನಕ ನಡೀತದ. ಮುಗಿಯೂತನಕ ಬಂದ್ ಮಾಡಬ್ಯಾಡ್ರಿ,” ಎಂದು ಹೇಳಿ ಅಮರ ಊರಿಗೆ ಹೊರಟ.

ಮರುದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ಅವತ್ತು ಕೆಲಸದ ಸಾಮಾನು ಯಾರೂ ಮುಟ್ಟುವಂತಿಲ್ಲ. ಅಜ್ಜಿ ಕಾಶವ್ವ ಹೊಲಿಗೆ ಯಂತ್ರದ ಜೊತೆ ಕಂಪ್ಯೂಟರಿಗೂ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದಳು.

ದಸರೆಯ ಬೆಳಿಗ್ಗೆ ಸಮೃದ್ಧಿ ಗಡಿಬಿಡಿಯಲ್ಲಿ ಸ್ವಿಚ್ ಹಾಕಿ ಬಟನ್ ಒತ್ತಿದರೆ... ಕಪ್ಪು ಪರದೆ! ಒಂದು ಚಕ್ರ ತಿರುಗುತ್ತದೆ, ಆರುತ್ತದೆ, ಮತ್ತೆ ತಿರುಗುತ್ತದೆ.

“ಏನ್ ಮಾಡಿ ಹೋಗೀರಿ ನೀವು? ನನ್ನ ನಕ್ಷಾ ಎಲ್ಲಾ ಅದರಾಗ ಅದಾವ!” ಫೋನಿನಲ್ಲೇ ಕೂಗಿದಳು.

“ನಾ ಏನೂ...” ಅಮರನಿಗೂ ತಿಳಿಯಲಿಲ್ಲ. “ತಡೀರಿ, ಬರ್ತೀನಿ.”

ಹಬ್ಬ ಬಿಟ್ಟು ಬಂದ. ಪೆನ್‌ಡ್ರೈವ್ ಹಚ್ಚಿ, ಅರ್ಧಕ್ಕೆ ನಿಂತಿದ್ದ ಅಪ್‌ಡೇಟ್ ಬಿಡಿಸಲು ಕುಳಿತ.

“ನಡುವ ಯಾರರೆ ಬಂದ್ ಮಾಡೀರೇನ್ರಿ?”

“ಇಲ್ಲ! ಹಂಗ ಯಾರರೆ ಮಾಡಿದ್ರ ಅವ್ರನ್ನ ಸುಮ್ನ ಬಿಡೂದಿಲ್ಲ ನಾ!”

ಅಮರ ಗೋಡೆಯತ್ತ ನೋಡಿದ. ಬಾಗಿಲಲ್ಲಿ ಗಾಬರಿಯಾಗಿ ನಿಂತಿದ್ದ ಕಾಶವ್ವನನ್ನು ನೋಡಿದ. ತಲೆ ತಗ್ಗಿಸಿದ.

“ಹಂಗಾರ... ತಪ್ಪು ನಂದೇ ರೀ.”

ಮಧ್ಯಾಹ್ನದ ಹೊತ್ತಿಗೆ ನಕ್ಷೆಗಳೆಲ್ಲ ಮರಳಿ ಸಿಕ್ಕವು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. “ಇನ್ನ ಮ್ಯಾಲ ನಮ್ಮ ಮನಿಗೆ ಬರಬ್ಯಾಡ್ರಿ,” ಎಂದುಬಿಟ್ಟಳು.

ಅವನು ಪೆನ್‌ಡ್ರೈವ್ ಕಿತ್ತುಕೊಂಡು ಹೊರಟುಹೋದ.

‘ಎಲ್ಲಾ ಸಿಕ್ಕೈತಿ. ಮತ್ತ ಅಳು ಯಾಕ ಬರಾಕತ್ತೈತಿ ನನಗ?’ ಅವಳಿಗೆ ಒಂದೂ ಅರ್ಥವಾಗಲಿಲ್ಲ. ಕಂಪ್ಯೂಟರ್ ಆರಿಸಲು ಕೈ ಚಾಚಿದವಳು ಹಾಗೇ ನಿಂತಳು. ಗೋಡೆಯ ಸ್ವಿಚ್ಚಿನ ಮೇಲೆ ವಿಭೂತಿಯ ಬೆರಳ ಗುರುತು!

“ಅಜ್ಜಿ... ಇದೇನು?”

ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಖಂಡೆಪೂಜಿ ದಿನಾನೂ ಅದರಾಗ ಚಕ್ರ ತಿರಗಾಕ ಹತ್ತಿತ್ತವ್ವಾ. ಒಂದಿನರೆ ಆರಾಮ ಇರ್ಲಿ ಅಂತ ನಾನೇ ಬಂದ್ ಮಾಡಿ ಪೂಜಿ ಮಾಡಿದೆ. ನಿನಗ ಹೇಳಾಕ ಬಂದ್ರ ಆ ಹುಡುಗ ಮೆಲ್ಲಕ, ‘ಅಜ್ಜಿ, ನೀವು ಸುಮ್ನಿರ್ರಿ’ ಅಂದ.”

ಈಗ ಹೋದವನು ಮತ್ತೆ ಬರುತ್ತಾನೆಯೇ? ಸಮೃದ್ಧಿ ಕೂಡಲೇ ಫೋನ್ ಹಚ್ಚಿದಳು.

“ಖಾನಾಪುರ ಬಸ್ಸಿನ್ಯಾಗ ಕುಂತೀನ್ರಿ. ಯಾಕ, ಮತ್ತ ಕೆಟ್ಟೈತೇನು?”

“ಕೆಟ್ಟೈತಿ! ಈಗಿಂದೀಗ ಬರ್ರಿ!”

ಅವನು ಆಟೋ ಇಳಿದಾಗ ಓಣಿಯಲ್ಲಿ ಜನ ಬನ್ನಿ ಹಂಚುತ್ತಿದ್ದರು. ಮುನಿದವರೂ ಆ ಎಲೆ ಕೊಟ್ಟು ಒಂದಾಗುವ ಸಂಜೆ ಅದು. ಒಳಗೆ ಬಂದರೆ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು! ಅಮರ ತಬ್ಬಿಬ್ಬಾದ.

“ನೆಟ್ಟಗೈತಲ್ರಿ... ಕೆಟ್ಟಿದ್ದು ಏನು?”

“ನನ್ನ ಬಾಯಿ.” ಅವಳ ಕಣ್ಣು ತುಂಬಿತ್ತು. “ಅಜ್ಜಿ ಮಾಡಿದ್ದನ್ನ ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?”

“ಹಬ್ಬದ ದಿನ ಅವ್ರು ಬೈಸ್ಕೋಬಾರದು ಅಂತ. ನಾ ಹೆಂಗಿದ್ರೂ ಊರಿಗೆ ಹೋಗಾಂವ ಅಲ್ಲೇನ್ರಿ...” ಅವನ ದನಿ ಇಳಿಯಿತು. “ಖರೇ ಹೇಳ್ತೀನಿ, ಬಸ್ಸಿನ್ಯಾಗ ಕುಂತ ಮ್ಯಾಲ ಗೊತ್ತಾತು. ನಿಮ್ಮನ್ನ ಬಿಟ್ಟು ಹೋಗಾಕ ನನ್ನ ಮನಸಿಲ್ಲ.”

ಅವಳು ಅವನ ಅಂಗೈಯಲ್ಲಿ ಬನ್ನಿ ಇಟ್ಟಳು. “ತಗೋರಿ... ಬಂಗಾರದಂಗ ಇರೂಣು.”

ಅವನು ಆ ಕೈ ಬಿಡಲಿಲ್ಲ.

“ಇನ್ನೊಮ್ಮೆ ಕೆಟ್ರ ನನ್ನೇ ಕರೀತೀರಲ್ಲ?”

“ಕೆಡೂತನಕ ಯಾಕ ಕಾಯ್ತೀರಿ?”