ನಾಲ್ಕಕ್ಕೊಂದು ಸ್ಪೋಕು

ಮೊದಲ ದಿನ ಅವನು ಬಂದದ್ದು ಬೈಕಿನ ಮುಂದಿನ ಚಕ್ರವನ್ನು ಎದೆಗೆ ಅವುಚಿಕೊಂಡು. ಬಿಳಿ ಶರ್ಟಿನ ಮೇಲೆ ಟೈರಿನ ಅಚ್ಚು ಮೂಡಿತ್ತು. ಎದುರಿನ ಗ್ಯಾರೇಜಿನವರು ಚಕ್ರ ಬಿಚ್ಚಿ ಕೈಗೆ ಕೊಟ್ಟು, "ಬೆಂಡ್ ತೆಗೆಯೋದು ರಿಮ್ಮಕ್ಕ, ರಸ್ತೆ ದಾಟಿ" ಎಂದು ಕಳಿಸಿದ್ದರು.

ರಿಮ್ಮಕ್ಕನಿಗೆ ಇಪ್ಪತ್ತೇಳು ವರ್ಷ. ಅಂಗಡಿ ಅಪ್ಪನದು. ಎರಡು ವರ್ಷದ ಹಿಂದೆ ಅಪ್ಪನ ಕೈ ನಡುಗಲು ಶುರುವಾದ ಮೇಲೆ ಸ್ಪೋಕು ಬಿಗಿಯುವ ಕೀ ಮಗಳ ಪಾಲಿಗೆ ಬಂತು, ಅಪ್ಪ ಬಾಗಿಲ ಪಕ್ಕದ ಕುರ್ಚಿಗೆ ಹೋದರು. ಹೆಣ್ಣುಮಗಳು ಕಟ್ಟಿದ ಚಕ್ರ ನಂಬಬಹುದೋ ಇಲ್ಲವೋ ಎಂದು ಬೀದಿ ಒಂದು ವರ್ಷ ಯೋಚಿಸಿತು. ಕೊನೆಗೆ ಗ್ಯಾರೇಜಿನ ಯಜಮಾನ ನಂಬಿದ, ಉಳಿದವರು ಅವನ ಹಿಂದೆ ಬಂದರು.

ಅವಳು ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸಿದಳು.

"ಎಲ್ಲಿಗೆ ಗುದ್ದಿದ್ರಿ?"

"ಗುದ್ದಲಿಲ್ಲ. ಗುಂಡಿಗೆ ಇಳೀತು."

"ಹೌದು, ಎಲ್ಲರ ಗಾಡಿನೂ ತಾನಾಗೇ ಇಳಿಯುತ್ತೆ."

ಅವನು ನಕ್ಕ. "ಬಡಿದು ಸರಿ ಮಾಡೋಕಾಗಲ್ವಾ?"

"ಆಗುತ್ತೆ. ಆದ್ರೆ ನೋಡಿ, ಸ್ಪೋಕಿನ ತೂತಿನ ಹತ್ರ ಬಿರುಕು ಬಿಟ್ಟಿದೆ. ಓಡಿಸೋರು ನೀವಾ, ನಿಮಗಾಗದವರಾ?"

"ನಾನೇ."

"ಹಾಗಾದ್ರೆ ಹೊಸ ರಿಮ್."

ಹೊಸ ರಿಮ್ಮಿಗೆ ಮೂವತ್ತಾರು ಸ್ಪೋಕು ಹೆಣೆಯುವುದು ಒಂದು ಮಧ್ಯಾಹ್ನದ ಕೆಲಸ. ಸಾಮಾನ್ಯವಾಗಿ ಗಿರಾಕಿಗಳು ಸಂಜೆ ಬರುತ್ತೇವೆ ಎಂದು ಹೊರಟುಬಿಡುತ್ತಾರೆ. ಇವನು ಹೋಗಲಿಲ್ಲ. ಅಪ್ಪ ವಿಚಾರಿಸಿದಾಗ, ತಾನು ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುತ್ತೇನೆ, ಮಾಡಿದ್ದನ್ನು ಡಾಕ್ಟರುಗಳ ಕ್ಲಿನಿಕ್ಕಿಗೆ ತಾನೇ ತಲುಪಿಸುತ್ತೇನೆ ಎಂದ. ಅಪ್ಪ ತಕ್ಷಣ ಬಾಯಿ ಮುಚ್ಚಿಕೊಂಡರು. ಅವರ ಮುಂದಿನ ಎರಡು ಹಲ್ಲು ಬಿದ್ದು ಬಹಳ ದಿನವಾಗಿತ್ತು.

ಅವಳು ಹೆಣೆಯುತ್ತಾ ಹೋದಳು. ಅವನು ಅವಳ ಬೆರಳುಗಳನ್ನು ನೋಡುತ್ತಾ ಕೂತ. ಒಳಗಿನದು, ಹೊರಗಿನದು, ಎಡಕ್ಕೆ, ಬಲಕ್ಕೆ ಎಂದು ಅವನ ತುಟಿ ಸದ್ದಿಲ್ಲದೆ ಲೆಕ್ಕ ಹಾಕುತ್ತಿತ್ತು. ಅವಳು ತಲೆ ಎತ್ತಿದರೆ ನೋಟ ಗೋಡೆಗೆ ಹೋಗುತ್ತಿತ್ತು. ಗೋಡೆಯ ಮೇಲೆ ಹಳೇ ಕ್ಯಾಲೆಂಡರು ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ.

"ಗೋಡೆ ಚೆನ್ನಾಗಿದೆಯಾ?" ಎಂದು ಅವಳೇ ಕೇಳಿದಳು.

"ಪರವಾಗಿಲ್ಲ," ಎಂದ. ಕಿವಿ ಕೆಂಪಾಗಿತ್ತು.

ಅವಳಿಗೆ ಅವನು ಇಷ್ಟವಾದ. ಅದನ್ನು ಅವಳು ಆಗಲೇ ಗಮನಿಸಿ ಪಕ್ಕಕ್ಕಿಟ್ಟಳು, ಏಕೆಂದರೆ ಕೈಯಲ್ಲಿ ಕೆಲಸವಿತ್ತು.

ಎಂಟು ದಿನಕ್ಕೆ ಅವನು ಮತ್ತೆ ಬಂದ. ಮುಂದಿನ ಚಕ್ರ ಟಿಕ್ ಟಿಕ್ ಅನ್ನುತ್ತಿದೆ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದೆ ಎಂದ. ಹೊಸದಾಗಿ ಕಟ್ಟಿದ ಚಕ್ರ ಒಂದು ಸಲ ಸಡಿಲವಾಗುವುದು ಸಹಜ. ಬಿಗಿ ಮಾಡಿ ಕಳಿಸಿದಳು. ಮತ್ತೆ ಎಂಟು ದಿನಕ್ಕೆ ಬಂದ. ಈ ಸಲ ಅವಳಿಗೆ ಮುಜುಗರವಾಯಿತು. ಯಾವುದು ಸಡಿಲ ಎಂದು ನೋಡದೆ, ಕೈಗೆ ಸಿಕ್ಕಿದ್ದನ್ನೆಲ್ಲ ಗಡಿಬಿಡಿಯಲ್ಲಿ ಬಿಗಿದಳು. ಅವನು ಮಾತ್ರ ಹಾಯಾಗಿ ಕೂತು, ಬಾಗಿದ ಹಲ್ಲಿನ ಮುದುಕರೊಬ್ಬರು ತಮ್ಮ ಸೆಟ್ಟಿಗೂ ಅದೇ ಬಾಗು ಬೇಕೆಂದು ಹಠ ಹಿಡಿದ ಕತೆ ಹೇಳಿದ. ಅವಳು ಕೀ ಹಿಡಿದುಕೊಂಡೇ ಜೋರಾಗಿ ನಕ್ಕಳು. ಅಪ್ಪ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರಂತಿದ್ದರು.

ಅದೇ ದೂರು ಹೊತ್ತು ಮೂರನೆಯ ಸಲವೂ ಬಂದ. ಚಕ್ರ ಹೊತ್ತುಕೊಂಡು ಅವನು ರಸ್ತೆ ದಾಟುವುದನ್ನು ಗ್ಯಾರೇಜಿನವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದರು.

ಆ ವಾರ ಗ್ಯಾರೇಜಿನಿಂದ ಒಂದು ಚಕ್ರವೂ ಬರಲಿಲ್ಲ. ಅವಳು ಹೋಗಿ ಕೇಳಿದಾಗ ಯಜಮಾನ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ, "ಕೆಲಸ ಕಮ್ಮಿ ಇದೆಯಮ್ಮ," ಎಂದ. ಅವನ ಬೆನ್ನ ಹಿಂದೆಯೇ ಎರಡು ಬೆಂಡಾದ ಚಕ್ರಗಳು ಬೇರೆ ಕಡೆಗೆ ಹೋಗಲು ಆಟೋ ಹತ್ತುತ್ತಿದ್ದವು. ಅವಳು ವಾಪಸು ಬಂದಳು.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅಪ್ಪನ ನಡುಕ ಶುರುವಾದದ್ದೂ ಹೀಗೇ. ಮೊದಲು ಅವರು ಕಟ್ಟಿದ ಚಕ್ರಗಳು ನಿಲ್ಲಲಿಲ್ಲ, ಆಮೇಲೆ ಕೈ ನಡುಗುವುದು ಕಣ್ಣಿಗೆ ಬಿತ್ತು. ಅವಳು ದಿನಕ್ಕೆ ಹತ್ತು ಸಲ ಕೈ ಮುಂದೆ ಚಾಚಿ, ಬೆರಳು ಬಿಡಿಸಿ ನೋಡಿಕೊಳ್ಳತೊಡಗಿದಳು. ನಡುಗುತ್ತಿರಲಿಲ್ಲ. ಬಹಳ ಹೊತ್ತು ನೋಡಿದರೆ ಯಾವ ಕೈಯಾದರೂ ಸ್ವಲ್ಪ ನಡುಗುತ್ತದೆ, ಅದೂ ಕಂಡಿತು. ಅವನು ಬಂದರೆ ಸಂತೋಷ, ಚಕ್ರ ಬಂದರೆ ಸಂಕಟ. ಎರಡೂ ಒಟ್ಟಿಗೇ ಬರುತ್ತಿದ್ದವು.

ನಾಲ್ಕನೆಯ ಸಲ ಅವನು ಬಂದಾಗ ಅವಳು ನೇರವಾಗಿ ಕೀ ತೆಗೆದುಕೊಂಡಳು. ಕುರ್ಚಿಯಿಂದ ಅಪ್ಪನ ಧ್ವನಿ ಬಂತು.

"ಕೀ ಕೆಳಗಿಡು ಮಗಳೇ. ಮೊದಲು ತಟ್ಟಿ ಕೇಳು."

ಅವಳು ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಸ್ಪೋಕು ತಟ್ಟುತ್ತಾ ಹೋದಳು. ಟಿಣ್, ಟಿಣ್, ಟಿಣ್, ಟಪ್. ಟಿಣ್, ಟಿಣ್, ಟಿಣ್, ಟಪ್. ಸುತ್ತು ಮುಗಿಯುವವರೆಗೂ ಹಾಗೇ. ಮೂವತ್ತಾರರಲ್ಲಿ ಒಂಬತ್ತು ಸಡಿಲ, ಒಂಬತ್ತೂ ಒಂದೇ ಅಳತೆಗೆ.

ಅವಳು ಇನ್ನೊಂದು ಸುತ್ತು ತಟ್ಟಿದಳು. ಆಮೇಲೆ ಅವನ ಕಡೆ ತಿರುಗಿದಳು.

"ರಸ್ತೆಗೆ ಇಷ್ಟು ಶಿಸ್ತು ಇರಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಅವನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಹಲ್ಲಿನ ತಂತಿ ಬಗ್ಗಿಸುವ ಪುಟ್ಟ ಇಕ್ಕಳ ಅಲ್ಲಿತ್ತು.

"ಪ್ರತಿ ನಾಲ್ಕನೇದು, ಅರ್ಧ ಸುತ್ತು," ಎಂದ ತಲೆ ತಗ್ಗಿಸಿ. "ಒಂದೇ ಕಡೆ ಸಡಿಲ ಮಾಡಿದ್ರೆ ಅಪಾಯ ಅಂತ ಸಮನಾಗಿ ಹಂಚಿದೆ. ಮೊದಲನೇ ಸಲದಿಂದಲೂ ನಾನೇ. ಇಲ್ಲಿಗೆ ಬರೋಕೆ ಬೇರೆ ನೆಪ ಹೊಳೀಲಿಲ್ಲ."

ಇನ್ನೊಬ್ಬಳಾಗಿದ್ದರೆ ಇಲ್ಲಿ ನಾಚಿ ನೀರಾಗುತ್ತಿದ್ದಳೇನೋ. ಅವಳಿಗೆ ಮೊದಲು ನಿರಾಳವಾಯಿತು, ತನ್ನ ಕೈ ಚೆನ್ನಾಗಿಯೇ ಇದೆ ಎಂದು. ಆಮೇಲೆ ಸಿಟ್ಟು ಬಂತು.

"ನನ್ನ ಕೈಗೂ ಅಪ್ಪನ ನಡುಕ ಬಂತು ಅಂತ ಹದಿನೈದು ದಿನದಿಂದ ಕೈ ಚಾಚಿ ಚಾಚಿ ನೋಡ್ಕೊಳ್ತಾ ಇದೀನಿ. ಗ್ಯಾರೇಜಿಂದ ಒಂದು ಚಕ್ರ ಬಂದಿಲ್ಲ. ರಿಮ್ಮಕ್ಕ ಕಟ್ಟಿದ್ದು ವಾರಾನೂ ನಿಲ್ಲಲ್ಲ ಅಂತ ಬೀದಿಯೆಲ್ಲ ಆಡ್ಕೊಳ್ತಿದೆ. ಮುಂದಿನ ಚಕ್ರ ರೀ ಅದು. ಓಡ್ತಾ ಇರುವಾಗ ಕೈ ಕೊಟ್ಟಿದ್ರೆ?"

ಅವನ ಮುಖ ಬಿಳಿಚಿಕೊಂಡಿತು. "ನನಗೆ ಇದ್ಯಾವುದೂ ಹೊಳೀಲೇ ಇಲ್ಲ."

"ನೀವು ಯೋಚನೆ ಮಾಡಿದ್ದು ನಿಮ್ಮ ಬಗ್ಗೆ."

ಅವಳು ಒಂಬತ್ತನ್ನೂ ಬಿಗಿದಳು. ಅವಸರ ಮಾಡಲಿಲ್ಲ. ಚಕ್ರ ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ನೋಡಿದಳು. ಎಲ್ಲೂ ತಾಗಲಿಲ್ಲ, ಚಕ್ರ ನೆಟ್ಟಗಿತ್ತು.

"ತಗೊಳ್ಳಿ. ಇನ್ನು ಬರಬೇಡಿ."

ಅವನು ಚಕ್ರ ಎತ್ತಿಕೊಂಡು ರಸ್ತೆ ದಾಟಿದ. ಅವಳು ನೋಡಬಾರದು ಎಂದುಕೊಂಡೇ ನೋಡಿದಳು. ಅವನು ಗ್ಯಾರೇಜಿನ ನಡುವೆ ನಿಂತು ಯಜಮಾನನಿಗೆ ಏನೋ ಹೇಳಿದ. ಗಾಳಿ ತುಂಬುವ ಯಂತ್ರ ಓಡುತ್ತಿತ್ತು, ಹಾಗಾಗಿ ಇಬ್ಬರೂ ಕಿರುಚಲೇಬೇಕಾಯಿತು.

"ನಾನೇ ಸಡಿಲ ಮಾಡಿದ್ದು! ನಾಲ್ಕು ಸಲಾನೂ! ಅವರ ಕೆಲಸದಲ್ಲಿ ತಪ್ಪಿಲ್ಲ!"

"ಯಾಕಪ್ಪ? ಆ ಹುಡುಗಿ ಮೇಲೆ ಏನು ದ್ವೇಷ ನಿನಗೆ?"

"ದ್ವೇಷ ಅಲ್ಲ!"

"ಮತ್ತೇನು?"

ಮೂರು ಜನ ಮೆಕ್ಯಾನಿಕ್ಕುಗಳು, ಇಬ್ಬರು ಗಿರಾಕಿಗಳು, ಪಕ್ಕದ ಜೆರಾಕ್ಸ್ ಅಂಗಡಿಯ ಹೆಂಗಸು, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಕತ್ತು ಕಿವಿ ಎಲ್ಲ ಕೆಂಪಾಯಿತು.

"ಇಷ್ಟ! ಅವರು ಅಂದ್ರೆ ಇಷ್ಟ! ನೋಡ್ಬೇಕು ಅನ್ಸೋದು! ಅದಕ್ಕೆ ಹೀಗೆ ಮಾಡಿ ಅವರ ಹೆಸರು ಕೆಡಿಸಿದೆ!"

ಮೆಕ್ಯಾನಿಕ್ಕುಗಳು ಸೀಟಿ ಹೊಡೆದರು. ಜೆರಾಕ್ಸ್ ಅಂಗಡಿಯ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದಳು. ಯಜಮಾನ ಮಾತ್ರ ನಗಲಿಲ್ಲ. ಒಳಗೆ ಹೋಗಿ, ಎರಡು ಬೆಂಡಾದ ಚಕ್ರ ತಂದು, ತಾನೇ ರಸ್ತೆ ದಾಟಿ ಅವಳ ಅಂಗಡಿಯ ಮುಂದಿಟ್ಟ. "ನಾಡಿದ್ದಿಗೆ ಆಗ್ಬೇಕಮ್ಮ," ಎಂದ. ಕ್ಷಮೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ, ಅವಳಿಗೂ ಬೇಕಿರಲಿಲ್ಲ.

ಹುಡುಗ ರಸ್ತೆಯ ಆ ಬದಿಯಲ್ಲೇ ನಿಂತಿದ್ದ. ಬರಬೇಡಿ ಎಂದಿದ್ದಳಲ್ಲ, ಅದಕ್ಕೆ.

"ಹುಡುಗ ಹೆಡ್ಡ," ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ. "ಸುಳ್ಳುಗಾರ ಅಲ್ಲ."

ಅವಳು ಬಾಗಿಲಿಗೆ ಬಂದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಅವನು ಈಗ ಹೊರಟುಹೋದರೆ ತನಗೆ ಸಹಿಸಲಾಗುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು.

"ರೀ, ಹಲ್ಲಿನವರೇ!" ಎಂದು ಕೂಗಿದಳು. "ಇನ್ಮೇಲೆ ಬರೋದಾದ್ರೆ ಗಾಡಿ ಮನೇಲಿ ಬಿಟ್ಟು ಬನ್ನಿ!"

ಮರುದಿನ ಮಧ್ಯಾಹ್ನ ಅವನು ಬಂದ. ಎರಡು ಬಸ್ ಬದಲಾಯಿಸಿ, ಕೊನೆಗೆ ನಡೆದು, ಬೆವರಿಳಿಸಿಕೊಂಡು. ಕೈಯಲ್ಲಿ ಏನೂ ಇರಲಿಲ್ಲ, ಆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತ.

"ಏನು ಕೆಲಸ ಇತ್ತು?" ಎಂದು ಕೇಳಿದಳು ಅವಳು, ಸ್ಪೋಕಿನಿಂದ ಕಣ್ಣು ತೆಗೆಯದೆ.

"ಕೆಲಸ ಏನೂ ಇಲ್ಲ," ಎಂದ. "ನಿಮ್ಮನ್ನ ನೋಡೋಕೆ ಬಂದೆ."

"ಗೊತ್ತಾಯ್ತಾ, ಎಷ್ಟು ಸುಲಭ ಅಂತ?" ಎಂದಳು ಅವಳು. ಕೀ ಕೆಳಗಿಟ್ಟು, ಅವನ ಕಡೆ ನೇರವಾಗಿ ತಿರುಗಿ, ನೋಡಲಿ ಎಂದು ಸುಮ್ಮನೆ ಕೂತಳು.