ಮೆಟ್ಟಿಲು ಹತ್ತುವ ಕುರ್ಚಿ

ಶನಿವಾರ ಬೆಳಿಗ್ಗೆ ಎಂಟಕ್ಕೆ ಠಾಣೆಗೆ ದೂರು ಬಂತು. ಲಿಫ್ಟ್‌ಗಳ ನಿಯಂತ್ರಕ ತಯಾರಿಸಿ ಒಳ್ಳೆ ಲಾಭದಲ್ಲಿದ್ದ ಕಂಪನಿಯ ಮಾಲೀಕ ಒಂದೇ ಉಸಿರಿಗೆ ಹೇಳಿದ:

"ನಮ್ಮ ಒಂದು ವಿಭಾಗದವರು ತಯಾರಿಸಿದ, ಮೆಟ್ಟಿಲು ಹತ್ತೋ ಗಾಲಿಕುರ್ಚಿ ಕಳವಾಗಿದೆ ಮೇಡಂ. ಇರೋದೇ ಒಂದು. ಸೋಮವಾರ ಹೂಡಿಕೆದಾರರ ಮುಂದೆ ನಮ್ಮಮ್ಮನ್ನೇ ಕೂರಿಸಿ ಹತ್ತಿಸೋದಿತ್ತು. ಆಮೇಲೆ ಆ ವಿಭಾಗಾನ ಬೇರೆ ಕಂಪನಿ ಮಾಡಿ ಭಾವನ ಕೈಗೆ ಕೊಡ್ತಿದ್ದೆ."

"ಬೇರೆ ಯಾಕೆ?" ಇನ್‌ಸ್ಪೆಕ್ಟರ್ ಕೇಳಿದರು.

"ಗೆದ್ರೆ ಸಂತೋಷ. ಮುಳುಗಿದ್ರೆ ಲಿಫ್ಟ್ ಕಂಪನೀನೂ ಎಳ್ಕೊಂಡು ಮುಳುಗಬಾರದಲ್ಲ?"

ಪಕ್ಕದಲ್ಲಿ ಕೂತಿದ್ದ ಭಾವ, ಅಂದರೆ ಮಾಲೀಕನ ಅಕ್ಕನ ಗಂಡ, ಆ ವಿಭಾಗದ ಮುಖ್ಯಸ್ಥ.

ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದರು. ಬಾಗಿಲ ಬೀಗ ಮುರಿದಿತ್ತು. ಕುರ್ಚಿಯ ಬ್ಯಾಟರಿ ಮಾತ್ರ ಮೇಜಿನ ಮೇಲೇ ಇತ್ತು. ಅದರ ಎರಡೂ ತುದಿಗೆ ಟೇಪ್ ಸುತ್ತಿತ್ತು.

"ಸಂಭಾವಿತ ಕಳ್ಳ ಮೇಡಂ," ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ನಕ್ಕ. "ಬೆಂಕಿ ಹೊತ್ಕೋಬಾರದು ಅಂತ ನೋಡ್ಕೊಂಡು ಹೋಗಿದ್ದಾನೆ."

ಬ್ಯಾಟರಿ ತೆಗೆದವರು ಟೇಪ್ ಸುತ್ತಲೇಬೇಕೆಂಬುದು ಆ ವಿಭಾಗದ ಕಟ್ಟುನಿಟ್ಟಿನ ನಿಯಮ. ಕದಿಯುವಾಗಲೂ ಕೈ ಅಭ್ಯಾಸ ಬಿಟ್ಟಿರಲಿಲ್ಲ. ಇದು ಒಳಗಿನವರದೇ ಕೆಲಸ.

ವಿಭಾಗದವರನ್ನು ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದರು. ಎಲ್ಲರೂ ಭಾವನನ್ನು ನಂಬಿ, ಅವನ ಹೊಸ ಕಂಪನಿ ಸೇರಲು ಲಿಫ್ಟ್ ಕಂಪನಿಗೆ ರಾಜೀನಾಮೆ ಕೊಟ್ಟವರು. ಎಲ್ಲರೂ ತಿರುಗಿ ಕೇಳಿದ್ದು ಒಂದೇ: "ಎಲ್ಲಾದ್ರೂ ಬೀಳಿಸಿ ಮುರಿದುಬಿಟ್ರೆ ಮೇಡಂ?" ವೆಲ್ಡಿಂಗ್ ಮಾಡುವ ಹುಡುಗಿ ಅತ್ತೇಬಿಟ್ಟಳು. ಭಾವ ಮಾತ್ರ ಹಾಗೆ ಕೇಳದೆ ಕೈಕಟ್ಟಿ ತಣ್ಣಗೆ ಕೂತಿದ್ದ. ಮಗು ಕಳೆದುಕೊಂಡ ತಂದೆ ಹೀಗೆ ಕೂರುವುದಿಲ್ಲ; ಮಗು ಎಲ್ಲಿದೆಯೆಂದು ಗೊತ್ತಿರುವವನು ಕೂರುತ್ತಾನೆ ಅಂದುಕೊಂಡರು ಇನ್‌ಸ್ಪೆಕ್ಟರ್.

ಸಂಜೆ ವಾರಂಟ್ ಹಿಡಿದು ಅವನ ಮನೆ ಶೋಧಿಸಿದರು. ಗ್ಯಾರೇಜಿನ ಮೂಲೆಯಲ್ಲಿ ಕುರ್ಚಿ ಹೊದಿಕೆ ಹೊದ್ದು ನಿಂತಿತ್ತು.

"ಏನ್ರೀ ಇದು?" ಹೆಂಡತಿ ಹೊದಿಕೆ ಸರಿಸಿ ನೋಡಿದಳು. "ತಮ್ಮನಿಗೆ ಹೇಗೆ ಮುಖ ತೋರಿಸ್ಲಿ?"

ಇನ್‌ಸ್ಪೆಕ್ಟರಿಗೂ ಅವಳ ಕಡೆ ನೋಡಲು ನಾಚಿಕೆಯಾಯಿತು.

"ಯಾಕೆ ಕದ್ರಿ?"

"ಕೂತವರು ಸ್ವಲ್ಪ ಹಿಂದಕ್ಕೆ ವಾಲಿದ್ರೂ ಮಗುಚತ್ತೆ. ಹೋದ ವಾರ ಮರಳುಮೂಟೆ ಇಟ್ಟು ನೋಡಿದೆ, ಬಿತ್ತು. ಸೋಮವಾರ ಅದರಲ್ಲಿ ಅತ್ತೆ ಕೂರೋರಿದ್ರು."

"ಅಷ್ಟು ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತಲ್ಲ?"

"ಆಗತ್ತೆ, ಆಗತ್ತೆ ಅಂತ ಐದು ವರ್ಷ ಹೇಳಿದೀನಿ ಮೇಡಂ. ಆಗಲಿಲ್ಲ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಕಳವಾಯ್ತು ಅಂದ್ರೆ ಮರ್ಯಾದೆ ಉಳಿಯತ್ತೆ ಅಂದ್ಕೊಂಡೆ."

ಬಂಧಿಸಿ ಜೀಪಿಗೆ ಹತ್ತಿಸಿದರು. ಸುದ್ದಿ ಅರ್ಧವಷ್ಟೇ ಮುಟ್ಟಿತ್ತೇನೋ, ವಿಭಾಗದವರೆಲ್ಲ ಅವನ ಮನೆಯ ಗೇಟಿಗೆ ಓಡಿ ಬಂದಿದ್ದರು. "ಕುರ್ಚಿ ಸಿಕ್ತಂತೆ ಸಾರ್!" ವೆಲ್ಡಿಂಗ್ ಹುಡುಗಿ ಕೂಗಿದಳು. "ಇನ್ನು ನಮ್ಮ ಕಂಪನಿಗೇನೂ ಅಡ್ಡಿ ಇಲ್ವಲ್ಲ?"

ಅವನು ಕೈಯಲ್ಲಿ ಮುಖ ಮುಚ್ಚಿಕೊಂಡ. "ಮೇಡಂ, ಕುರ್ಚಿ ಆಗಲಿಲ್ಲ ಅಂತ ನೀವೇ ಹೇಳಿಬಿಡಿ."

ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ತೆರೆದರು.

"ಇಳಿದು ನೀವೇ ಹೇಳಿ ಬನ್ನಿ. ಕಾಯ್ತೀವಿ."